ಹೈಡ್ರೋಸ್ ಹಾಕಿಲ್ಲ ಎಂದು ತೋರಿಸಲು ಆಂಟಾಲಜಿ: ನನ್ನ ಅನುಭವ

ಹೈಡ್ರೋಸ್ ಅಂದರೆ ಬೆಲ್ಲಕ್ಕೆ ತಿಳಿ ಬಣ್ಣ ಬರಲು ಹಾಕುವ ರಾಸಾಯನಿಕ. ಆಂಟಾಲಜಿ ಅಂದರೆ ಯಾವ ಬಗೆಯ ವಸ್ತು, ಘಟನೆಗಳಿವೆ, ಅವುಗಳ ನಡುವೆ ಏನು ಸಂಬಂಧ ಅಂತ ಕಂಪ್ಯೂಟರಿಗೆ ತಿಳಿಯುವಂತೆ ಬರೆದಿಡುವ ಚೌಕಟ್ಟು. ಆಲೆಮನೆಗೆ ಆಂಟಾಲಜಿ ಯಾಕಪ್ಪ, ಟೇಬಲ್ಲಿಗೆ ‘ಹೈಡ್ರೋಸ್: ಇಲ್ಲ’ ಅಂತ ಒಂದು ಕಾಲಂ ಸೇರಿಸಿದರೆ ಮುಗೀತು ಅಂತ ಮೈಸೂರಿನ ನನ್ನ ಜೊತೆಯವರೆಲ್ಲ ಅಂದರು. ಅಂಥ ಎಕ್ಸೆಲ್ ಹಾಳೆ ನಾನು ಕೆಲಸ ಮಾಡಿದ, ಮಂಡ್ಯದ ಹತ್ತಿರದ ಆಲೆಮನೆಯಲ್ಲಿ ಮೊದಲೇ ಇತ್ತು. ಪ್ರತಿ ಸಾಲಿನಲ್ಲೂ ‘ಇಲ್ಲ’ ಅಂತಲೇ ತುಂಬಿತ್ತು. ಬೆಂಗಳೂರಿನ ಖರೀದಿದಾರರು ಅದನ್ನು ನಂಬಲಿಲ್ಲ. ಆಂಟಾಲಜಿ ಬಂದ ಮೇಲೆ, ಈ ಹಂಗಾಮಿನಿಂದ ನಂಬುತ್ತಿದ್ದಾರೆ, ಕಿಲೋಗೆ ಮೂರೋ ನಾಲ್ಕೋ ರೂಪಾಯಿ ಹೆಚ್ಚಿಗೂ ಕೊಡುತ್ತಿದ್ದಾರೆ.

ಮೊದಲು ಕೈಗೆತ್ತಿಕೊಂಡದ್ದು ಪ್ರೊವ್-ಒ, ಯಾವುದು ಯಾವುದರಿಂದ ಹೇಗೆ ಬಂತು ಅಂತ ದಾಖಲಿಸುವ ಸಿದ್ಧ ಆಂಟಾಲಜಿ. 2013ರಿಂದ ವೆಬ್ ಮಾನದಂಡ ಸಂಸ್ಥೆ ಡಬ್ಲ್ಯು3ಸಿಯ ಶಿಫಾರಸಾಗಿ ಇದೆ, ಈ ಕ್ಷೇತ್ರದಲ್ಲಿ ಎಲ್ಲರಿಗೂ ಗೊತ್ತಿರುವಂಥದ್ದು. ಕಬ್ಬಿನ ಹಾಲು ಬಳಕೆಯಾಯಿತು, ಬೆಲ್ಲ ಬಂತು, ಅಷ್ಟಕ್ಕೆ ಚೆನ್ನಾಗಿ ಒದಗಿತು. ಆದರೆ ಗಾಣಕ್ಕೆ ಕರೆಂಟ್ ಹೋಯಿತು ಅನ್ನಿ. ಅರ್ಧ ತುಂಬಿದ ಕೊಪ್ಪರಿಗೆಯ ಬೆಂಕಿ ತಗ್ಗಿಸಿ ಕಾಯುತ್ತಾರೆ, ಕರೆಂಟ್ ಬಂದ ಮೇಲೆ ಮತ್ತೆ ಉರಿ ಏರಿಸುತ್ತಾರೆ. ಇದು ಒಂದು ಕುದಿಯೋ ಎರಡೋ? ಪ್ರೊವ್‌ನ ಚಟುವಟಿಕೆಗೆ ಒಂದು ಶುರು, ಒಂದು ಕೊನೆ. ನಡುವೆ ನಿಂತದ್ದನ್ನು ಬರೆಯಲು ಅಲ್ಲಿ ಜಾಗ ಸಿಗಲಿಲ್ಲ.

ಆಮೇಲೆ ಡಾಲ್ಚೆ ಅನ್ನುವ ಇನ್ನೊಂದು ಆಂಟಾಲಜಿ ನೋಡಿದೆ. ಅದರಲ್ಲಿ ಪ್ರಕ್ರಿಯೆ ಬೇರೆ, ಘಟನೆ ಬೇರೆ. ಕುದಿಯುವುದಕ್ಕೆ ಇನ್ನಷ್ಟು ಕುದಿಯುವುದನ್ನು ಸೇರಿಸಿದರೂ ಅದು ಕುದಿಯುವುದೇ. ಒಂದು ಕೊಪ್ಪರಿಗೆ ಬೆಲ್ಲ ಇಳಿಸಿದ್ದಕ್ಕೆ ಇನ್ನೊಂದನ್ನು ಸೇರಿಸಿದರೆ ಎರಡು ಕೊಪ್ಪರಿಗೆ ಆಗುತ್ತದೆ. ಈ ಭೇದವನ್ನು ನಾನು ಹಾಗೇ ಇಟ್ಟುಕೊಂಡೆ. ಎಲ್ಲದರ ಮೇಲಿರುವ ಸಾಮಾನ್ಯ ವರ್ಗಗಳ ಮೇಲ್ಚಾವಣಿಗೆ ಮಾತ್ರ ಮತ್ತೊಂದು ಆಂಟಾಲಜಿ ಬಿಎಫ್‌ಒ ಹಾಕಿದೆ. 2021ರಲ್ಲಿ ಐಎಸ್‌ಒ 21838ರ ಎರಡನೇ ಭಾಗವಾಗಿ ಬಂದದ್ದು ಅದೇ, ಮತ್ತು ಪ್ರಕ್ರಿಯೆಯ ಗಡಿ ಅನ್ನುವ ವರ್ಗ ಅದರಲ್ಲಿ ಸಿದ್ಧವಾಗಿಯೇ ಇದೆ.

ಆ ಗಡಿ ನನಗೆ ಯಾಕೆ ಬೇಕಿತ್ತೆಂದರೆ, ಪಾಕ ನೋಡುವ ಅಣ್ಣ ಒಂದು ತೊಟ್ಟು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉರುಟಿಸಿ, “ಆಯ್ತು, ಇಳುಸ್ರಲಾ” ಅನ್ನುತ್ತಾರೆ. ಆ ಕ್ಷಣಕ್ಕೆ ಉದ್ದವಿಲ್ಲ. ಶಾಖ ಅಳೆಯುವ ಸೆನ್ಸರ್ ಥರ್ಮೋಕಪಲ್ ಆಗ 116ರಿಂದ 118 ಡಿಗ್ರಿ ತೋರಿಸುತ್ತಿರುತ್ತದೆ, ಒಂದೊಂದು ಕೊಪ್ಪರಿಗೆಗೆ ಒಂದೊಂದು. ಹದ ಬಂದದ್ದನ್ನು ನಾನು ಡಿಗ್ರಿಯಿಂದ ಊಹಿಸುವುದಿಲ್ಲ. ಅಣ್ಣನ ಮಾತೇ ಗಡಿ, ಡಿಗ್ರಿ ಮಾತ್ರ ಸೆನ್ಸರ್ ಅಳತೆಗಳಿಗೆಂದೇ ಇರುವ ಸೋಸಾ ಆಂಟಾಲಜಿಯ ಪ್ರಕಾರ ಒಂದು ವೀಕ್ಷಣೆ, ಎರಡೂ ಬೇರೆ ಬೇರೆ ನೋಡ್‌ಗಳು. ಬಿಳಿನೊರೆ ಉಕ್ಕಿದಾಗ ನಾನು ಫೋನ್ ಒತ್ತುವುದನ್ನು ಕಂಡು, “ಏನ್ ಸಾ, ಉಕ್ಕಿದ್ದೂ ಬರೀತೀರಾ?” ಅಂದರು ಅಣ್ಣ. ಬರೆದೆ. ಸುಣ್ಣ ಬಿಟ್ಟದ್ದು, ಬೆಂಡೆ ಲೋಳೆ ಹಾಕಿದ್ದು, ಮಡ್ಡಿ ತೆಗೆದದ್ದು ಎಲ್ಲವೂ ಒಂದೊಂದು ಘಟನೆ: ಯಾರು, ಯಾವುದನ್ನು, ಯಾವಾಗ. ಆಂಟಾಲಜಿ ಬರೆಯುವ ಭಾಷೆಯಾದ ಔಲ್‌ನಲ್ಲಿ ಸಂಬಂಧ ಎರಡರ ನಡುವೆ ಮಾತ್ರ ಇರಬಹುದಾದ್ದರಿಂದ ಬೇರೆ ದಾರಿಯೂ ಇಲ್ಲ.

ನಿಂತು ಮತ್ತೆ ಶುರುವಾದ ಕುದಿಗೆ ಮೂರು ಬಗೆಯ ದಾಖಲೆ ಮಾಡಿದೆ. ಇಡೀ ಅಡುಗೆ ಒಂದು ಘಟನೆ. ಅದರೊಳಗೆ ಕುದಿಯ ತುಂಡುಗಳು. ನಡುವಿನ ಕಾಯುವಿಕೆ ಅಡುಗೆಯ ಭಾಗ, ಕುದಿಯ ಭಾಗವಲ್ಲ. ಎಷ್ಟು ಹೊತ್ತು ಕುದಿಯಿತು ಅಂದರೆ ತುಂಡುಗಳನ್ನು ಕೂಡು. ಹಾಲು ಎಷ್ಟು ಹೊತ್ತು ಸುಮ್ಮನೆ ಕೂತು ಹುಳಿಯಾಯಿತು ಅಂದರೆ ಕಾಯುವಿಕೆಯನ್ನು ನೋಡು.

ನಿಜವಾದ ಕಷ್ಟ ಹೈಡ್ರೋಸ್‌ದು. ನಡೆಯದ ಘಟನೆಯನ್ನು ಬರೆಯುವುದು ಹೇಗೆ? ಔಲ್‌ನ ಲೋಕ ತೆರೆದ ಲೋಕ. ಹಾಕಿದ ದಾಖಲೆ ಇಲ್ಲ ಅಂದರೆ ಹಾಕಿಲ್ಲ ಅಂತಲ್ಲ. ಬರೆದದ್ದರಿಂದ ತೀರ್ಮಾನ ತೆಗೆಯುವ ತಂತ್ರಾಂಶ, ಅಂದರೆ ರೀಸನರ್, ಹರ್ಮಿಟ್ ಅನ್ನು ಎಷ್ಟು ಓಡಿಸಿದರೂ ‘ಶುದ್ಧ’ ಅಂತ ಒಂದು ಕೊಪ್ಪರಿಗೆಯನ್ನೂ ಕೊಡಲಿಲ್ಲ, ಕೊಡಬಾರದು ಕೂಡ. ‘ಹಾಕಲಿಲ್ಲ’ ಅನ್ನುವ ವರ್ಗವನ್ನೇ ಮಾಡಿ ಅಂತ ಒಬ್ಬರು ಸಲಹೆ ಕೊಟ್ಟರು. ಮಾಡಿದರೆ ಅದೇ ಎಕ್ಸೆಲ್ ಕಾಲಂ ಬೇರೆ ಅಂಗಿ ತೊಟ್ಟು ಬಂದಂತೆ.

ನನಗೆ ಹೊಳೆದದ್ದು ಕಾವಲು. ಕೊಪ್ಪರಿಗೆಯ ಪಕ್ಕ ನಿಂತು ನೋಡುವುದೂ ಒಂದು ಪ್ರಕ್ರಿಯೆ, ಅದಕ್ಕೂ ಶುರು-ಕೊನೆ ಇದೆ. ಖರೀದಿದಾರರು ನೇಮಿಸಿದ ಹುಡುಗ ಬಂದಾಗ ಗುಂಡಿ ಒತ್ತುತ್ತಾನೆ, ಹೋದಾಗ ಒತ್ತುತ್ತಾನೆ. ಕಾವಲಿನ ಅವಧಿಗಳು ಅಡುಗೆಯನ್ನು ತೂತಿಲ್ಲದೆ ಮುಚ್ಚಿರಬೇಕು, ಅದರೊಳಗೆ ಹೈಡ್ರೋಸ್ ಘಟನೆ ಇರಬಾರದು. ಆಗ ಮಾತ್ರ ‘ಹೈಡ್ರೋಸ್ ಇಲ್ಲ’ ಅನ್ನುವ ಲೇಬಲ್. ತೂತು ಹುಡುಕುವುದು ಸ್ಪಾರ್ಕಲ್ (ದಾಖಲೆಗಳಿಗೆ ಪ್ರಶ್ನೆ ಕೇಳುವ ಭಾಷೆ) ಮತ್ತು ಶ್ಯಾಕಲ್ (ದಾಖಲೆಗಳು ನಿಯಮ ಪಾಲಿಸಿವೆಯೇ ಅಂತ ಪರೀಕ್ಷಿಸುವ ಭಾಷೆ) ಇವುಗಳ ಕೆಲಸ, ರೀಸನರ್‌ದಲ್ಲ. ಶುರುವಿನಲ್ಲಿ ಹತ್ತರಲ್ಲಿ ಐದಾರು ಕೊಪ್ಪರಿಗೆ ಪಾಸಾಗುತ್ತಿದ್ದವು, ಈಗ ಒಂಬತ್ತರ ಹತ್ತಿರ. ಹುಡುಗ ಇಲ್ಲದೆಯೇ ಗುಂಡಿ ಒತ್ತಿದರೆ ಹಿಡಿಯುವ ಉಪಾಯವೂ ಇದೆ. ಅದು ನನ್ನ ಹೊಟ್ಟೆಪಾಡು, ಇಲ್ಲಿ ಬರೆಯುವುದಿಲ್ಲ.

ದುಡ್ಡಿನ ಲೆಕ್ಕ. ಮೊದಲ ಸೆನ್ಸರ್ ವೈರುಗಳೆಲ್ಲ ಒಲೆಯ ಬಾಯಿಗೆ ಸುಟ್ಟವು, ಹದಿನೈದು ಸಾವಿರದಷ್ಟು ಹೋಯಿತು. ದೊಡ್ಡ ಕಂಪನಿಯ ಡೇಟಾಬೇಸ್‌ಗೆ ವರ್ಷಕ್ಕೆ ಲಕ್ಷಗಳ ಮಾತು ಬಂತು. ಬಿಟ್ಟು, ಹಳೇ ಡೆಸ್ಕ್‌ಟಾಪ್ ಮೇಲೆ ಜೇನಾ ಫ್ಯೂಸೆಕಿ ಅನ್ನುವ ಉಚಿತ ಡೇಟಾಬೇಸ್ ಹಾಕಿದೆ. ಎಲ್ಲ ಸೇರಿ ಕೈಯಿಂದ ಅರವತ್ತು ಎಪ್ಪತ್ತು ಸಾವಿರ.

ನಡುವೆ ಕಂಪ್ಯೂಟರ್ ವಿಜ್ಞಾನಿ ಜೇಮ್ಸ್ ಅಲೆನ್ ಅವರ 1983ರ ಹದಿಮೂರು ಕಾಲಸಂಬಂಧಗಳನ್ನೂ (ಮೊದಲು, ಆಮೇಲೆ, ಒಳಗೆ ಇಂಥವು) ಪ್ರಾಪರ್ಟಿಗಳಾಗಿ, ಅಂದರೆ ಔಲ್ ಸಂಬಂಧಗಳಾಗಿ, ಇಟ್ಟು ನೋಡಿದೆ. ಎರಡು ಸಂಬಂಧ ಜೋಡಿಸಿದರೆ ಬರುವ ಉತ್ತರ ಹಲವು ಸಲ ‘ಇದೋ ಅದೋ’. ಔಲ್‌ನ ಪ್ರಾಪರ್ಟಿ ಚೈನ್‌ಗೆ ಆ ‘ಅಥವಾ’ ಹೇಳಲು ಬರುವುದಿಲ್ಲ. ಈಗ ಸಮಯ ಮಾತ್ರ ಇಡುತ್ತೇನೆ, ಸಂಬಂಧವನ್ನು ಕೇಳಿದಾಗ ಲೆಕ್ಕ ಹಾಕುತ್ತೇನೆ. ಇದೇ ಅಚ್ಚನ್ನು ವಿಶ್ವೇಶ್ವರಯ್ಯ ನಾಲೆಯ ಕಟ್ಟು ನೀರಿಗೂ (ಸರದಿಯ ಮೇಲೆ ಬಿಡುವ ನೀರು) ಹಚ್ಚಿದೆ: ನೀರು ಬಿಡುತ್ತೇವೆ ಅನ್ನುವ ಪ್ರಕಟಣೆ ಯೋಜನೆ, ಘಟನೆಯಲ್ಲ, ತೂಬಿನಲ್ಲಿ ಹರಿದದ್ದು ಪ್ರಕ್ರಿಯೆ. ಎರಡನ್ನೂ ಬೇರೆ ಇಟ್ಟ ಕೂಡಲೇ ಯಾವ ಸರದಿ ತಪ್ಪಿತು ಅನ್ನುವುದು ಒಂದೇ ಪ್ರಶ್ನೆಗೆ ಸಿಕ್ಕಿತು.

ಈಗ ಇನ್ನೊಂದು ಆಲೆಮನೆಯವರು ಕರೆದಿದ್ದಾರೆ. ಅಲ್ಲಿ ಎರಡು ಕೊಪ್ಪರಿಗೆಯ ಪಾಕ ಆರಲು ಬಿಡುವ ಒಂದೇ ತೊಟ್ಟಿಗೆ, ಅಂದರೆ ದೋಣಿಗೆ, ಬಿದ್ದು, ಆಮೇಲೆ ಅಚ್ಚಿಗೆ ಹೋಗುತ್ತದೆ. ಬೆರೆಯುವುದನ್ನೇ ಒಂದು ಘಟನೆ ಮಾಡಿ, ಎರಡೂ ಅಡುಗೆಗಳಿಗೆ ಕಾವಲು ಪೂರ್ತಿ ಇದ್ದರೆ ಮಾತ್ರ ಆ ದೋಣಿಯ ಅಚ್ಚುಗಳಿಗೆ ಲೇಬಲ್ ಹೋಗುವಂತೆ ಶ್ಯಾಕಲ್ ಬರೆಯುತ್ತಿದ್ದೇನೆ.