ಲಂಡನ್ನಿನಲ್ಲಿ ಮಾರಿದ ಚಿತ್ರದ ದುಡ್ಡು ಬೇಲೂರಿನ ಶಾಲೆಗೆ ಮುಟ್ಟಬೇಕಾದರೆ

ಹಾಸನ, ಚಿಕ್ಕಮಗಳೂರು ಕಡೆಯಿಂದ ಬ್ರಿಟನ್ನಿಗೆ ಬಂದು ಚಿತ್ರ ಬರೆಯುವವರು, ಶಿಲ್ಪ ಕೆತ್ತುವವರು ಮೊದಲ ಒಂದೆರಡು ವರ್ಷ ಎಡವುವ ಜಾಗಗಳು ಹೆಚ್ಚುಕಡಿಮೆ ಒಂದೇ. ಬಣ್ಣ, ಕ್ಯಾನ್ವಾಸ್ ಎಲ್ಲಿ ಅಗ್ಗ ಎಂಬುದು ಬಂದ ವಾರದಲ್ಲೇ ಎಲ್ಲರಿಗೂ ತಿಳಿಯುತ್ತದೆ, ಅದನ್ನಿಲ್ಲಿ ಬರೆದಿಲ್ಲ. ಊರಿನ ಶಾಲೆಗೆಂದು ಪ್ರದರ್ಶನ ಮಾಡಿ, ಸೇರಿದ ದುಡ್ಡನ್ನು ಕಳಿಸಲಾಗದೆ ಕೈಕಟ್ಟಿ ಕೂರುವ ಸಂಕಟ ಪದೇ ಪದೇ ಕಾಣುತ್ತಿರುವುದರಿಂದ ಅದಕ್ಕೇ ಹೆಚ್ಚು ಜಾಗ.

ಮೊದಲು ಪ್ರದರ್ಶನದ ಮಾತು. ಇಲ್ಲಿ ಗ್ಯಾಲರಿಯವರ ಪರಿಚಯವಿಲ್ಲದವರಿಗೆ ಬಾಗಿಲು ಎಂದರೆ 'ಓಪನ್' ಪ್ರದರ್ಶನ ಮತ್ತು ಸ್ಪರ್ಧೆ. ರಾಯಲ್ ಅಕಾಡೆಮಿಯ ಬೇಸಿಗೆ ಪ್ರದರ್ಶನ 1769ರಿಂದ ಒಂದು ವರ್ಷವೂ ತಪ್ಪದೆ ನಡೆದುಕೊಂಡು ಬಂದಿದೆ, ಶುಲ್ಕ ಕಟ್ಟಿದ ಯಾರ ಕೃತಿಯನ್ನಾದರೂ ಆಯ್ಕೆಗೆ ನೋಡುತ್ತಾರೆ. ಲಿವರ್‌ಪೂಲ್‌ನ ವಾಕರ್ ಆರ್ಟ್ ಗ್ಯಾಲರಿಯಲ್ಲಿ 1957ರಲ್ಲಿ ಶುರುವಾದ ಜಾನ್ ಮೂರ್ಸ್ ಚಿತ್ರಕಲಾ ಸ್ಪರ್ಧೆಯಲ್ಲಿ ತೀರ್ಪುಗಾರರಿಗೆ ಕಲಾವಿದರ ಹೆಸರೇ ಗೊತ್ತಿರುವುದಿಲ್ಲ. ಶಿಫಾರಸು, ಪರಿಚಯಪತ್ರಗಳ ನಡುವೆ ಬೆಳೆದವರಿಗೆ ಇದು ದೊಡ್ಡ ನೆಮ್ಮದಿ. ಈ ವಿಷಯದಲ್ಲಿ ಇಲ್ಲಿನ ಪದ್ಧತಿಯೇ ಮೇಲು.

ಮೊದಲ ಸುತ್ತಿನ ಆಯ್ಕೆ ಫೋಟೋ ನೋಡಿ ನಡೆಯುತ್ತದೆ. ಒಳ್ಳೆಯ ಚಿತ್ರಗಳು ಕೆಟ್ಟ ಫೋಟೋದಿಂದಲೇ ಬಿದ್ದುಹೋಗುತ್ತವೆ. ಗಾಜು ಹಾಕುವ ಮೊದಲೇ, ಮೋಡ ಕವಿದ ಹಗಲಿನ ಬೆಳಕಿನಲ್ಲಿ, ಕ್ಯಾಮೆರಾ ಚಿತ್ರದ ನಡುಮಧ್ಯಕ್ಕೆ ನೇರವಾಗಿರುವಂತೆ ತೆಗೆಯಿರಿ. ಫ್ರೇಮಿನ ಅಂಚು, ಗೋಡೆ, ವಾಟರ್‌ಮಾರ್ಕ್ ಯಾವುದೂ ಬೇಡ. ಆಯ್ಕೆಯಾದ ಮೇಲೆ ಚಿತ್ರದ ಬೆನ್ನಿಗೆ ಡಿ-ರಿಂಗ್ (ನೇತುಹಾಕಲು ಡಿ ಆಕಾರದ ಬಳೆ) ಅಥವಾ ಮಿರರ್ ಪ್ಲೇಟ್ (ಗೋಡೆಗೆ ತಿರುಪು ಹಾಕುವ ಲೋಹದ ಪಟ್ಟಿ) ಇರಬೇಕು. ಊರಿನಲ್ಲಿ ಹೊಡೆಸುವ ಹಲ್ಲಿನ ಪಟ್ಟಿಯ ಕೊಕ್ಕೆಯನ್ನು ಎಷ್ಟೋ ಕಡೆ ಒಪ್ಪುವುದಿಲ್ಲ. ಗಾಜಿನ ಬದಲು ಅಕ್ರಿಲಿಕ್ ಹಾಳೆ ಕೇಳುವವರೂ ಇದ್ದಾರೆ, ನಿಯಮ ಓದಿಯೇ ಫ್ರೇಮ್ ಮಾಡಿಸಿ. ಮಾರಾಟವಾಗದ ಕೃತಿಯನ್ನು ಹೇಳಿದ ದಿನವೇ ಒಯ್ಯಬೇಕು, ತಪ್ಪಿದರೆ ದಿನಕ್ಕಿಷ್ಟು ಎಂದು ಬಾಡಿಗೆ ಬೀಳುತ್ತದೆ.

ಬೆಲೆ ಇಡುವಾಗ ಕಮಿಷನ್ ಸಾಲನ್ನು ಎರಡು ಸಲ ಓದಿ. '40 ಪರ್ಸೆಂಟ್' ಎಂದಿದ್ದರೆ ಒಂದು ಲೆಕ್ಕ, '40 ಪರ್ಸೆಂಟ್ ಮತ್ತು ವ್ಯಾಟ್' ಎಂದಿದ್ದರೆ ಇನ್ನೊಂದು. ಎರಡನೆಯದರಲ್ಲಿ ಕಮಿಷನ್ ಮೇಲೆ 20 ಪರ್ಸೆಂಟ್ ವ್ಯಾಟ್ ಸೇರಿ ಒಟ್ಟು 48 ಆಗುತ್ತದೆ. 500 ಪೌಂಡಿಗೆ ಮಾರಿದ ಚಿತ್ರದಲ್ಲಿ ಕೈಗೆ ಬರುವುದು 260. ಅದರಲ್ಲೇ ಫ್ರೇಮು, ಸಾಗಣೆ, ವಾಪಸ್ಸು ಬಾರದ ಪ್ರವೇಶ ಶುಲ್ಕ ಎಲ್ಲ ಕಳೆಯಬೇಕು. ಕಲಾವಿದರೇ ರಸ್ತೆಯಲ್ಲಿ ನಿಂತು ಕೊಳ್ಳುವವರ ಜೊತೆ ನೇರವಾಗಿ ಮಾತಾಡುವ ಬೆಂಗಳೂರಿನ ಚಿತ್ರಸಂತೆ ಮಾರಾಟದ ಮಟ್ಟಿಗೆ ಇದಕ್ಕಿಂತ ಎಷ್ಟೋ ನ್ಯಾಯದ ವ್ಯವಸ್ಥೆ.

ವೀಸಾ ವಿಷಯ ಚಿಕ್ಕದು, ಆದರೆ ಎಚ್ಚರ ಬೇಕು. ಸ್ಟೂಡೆಂಟ್ ವೀಸಾದಲ್ಲಿ ಸ್ವಂತ ಉದ್ಯೋಗಕ್ಕೆ ಅವಕಾಶವೇ ಇಲ್ಲ. ವಾರಕ್ಕೆ 20 ಗಂಟೆ ಕೆಲಸ ಮಾಡಬಹುದಲ್ಲ ಎಂಬ ನೆಪ ಇಲ್ಲಿ ನಡೆಯದು, ಗ್ಯಾಲರಿ ಮೂಲಕ ಚಿತ್ರ ಮಾರುವುದು ಸ್ವಂತ ಉದ್ಯೋಗದ ಲೆಕ್ಕಕ್ಕೇ ಬರುತ್ತದೆ. ಅಂಥವರು ಪ್ರದರ್ಶನದ ಅರ್ಜಿಯಲ್ಲಿ 'ಮಾರಾಟಕ್ಕಿಲ್ಲ' ಎಂದು ಗುರುತು ಹಾಕಿ. ಓದು ಮುಗಿದ ಮೇಲೆ ಸಿಗುವ ಗ್ರಾಜುಯೇಟ್ ವೀಸಾದವರಿಗೆ, ಕೆಲಸದ ವೀಸಾದವರ ಡಿಪೆಂಡೆಂಟ್‌ಗಳಿಗೆ ಈ ತೊಡಕಿಲ್ಲ. ಏಪ್ರಿಲ್ 5ಕ್ಕೆ ಮುಗಿಯುವ ತೆರಿಗೆ ವರ್ಷದಲ್ಲಿ ಮಾರಾಟದ ಒಟ್ಟು ಮೊತ್ತ 1,000 ಪೌಂಡ್ ದಾಟಿದರೆ ಅಕ್ಟೋಬರ್ 5ರೊಳಗೆ ಸೆಲ್ಫ್ ಅಸೆಸ್‌ಮೆಂಟ್‌ಗೆ, ಎಂದರೆ ಆದಾಯದ ಲೆಕ್ಕವನ್ನು ತಾವೇ ತೆರಿಗೆ ಇಲಾಖೆಗೆ ಒಪ್ಪಿಸುವ ಪದ್ಧತಿಗೆ, ಹೆಸರು ಕೊಡಬೇಕು. 1,000 ನೋಡುವಾಗ ಖರ್ಚು ಕಳೆಯುವಂತಿಲ್ಲ.

ಊರಿನಿಂದ ಕೃತಿ ತರಿಸುವವರು ಪಾರ್ಸೆಲ್ ಮೇಲೆ 'ಗಿಫ್ಟ್' ಎಂದೋ 'ಹ್ಯಾಂಡಿಕ್ರಾಫ್ಟ್' ಎಂದೋ ಬರೆಸಲೇಬೇಡಿ. ಗಿಫ್ಟ್ ರಿಯಾಯಿತಿ 39 ಪೌಂಡಿಗೇ ನಿಲ್ಲುತ್ತದೆ, ಮಾರಾಟಕ್ಕೆ ಬರುವ ಚಿತ್ರ ಗಿಫ್ಟೂ ಅಲ್ಲ. ಕೈಯಿಂದ ಬರೆದ ಮೂಲ ಚಿತ್ರ ಸುಂಕದ ಪಟ್ಟಿಯಲ್ಲಿ 9701ಕ್ಕೆ, ಮೂಲ ಶಿಲ್ಪ 9703ಕ್ಕೆ ಸೇರುತ್ತದೆ. ಅವಕ್ಕೆ ಆಮದು ವ್ಯಾಟ್ 5 ಪರ್ಸೆಂಟ್. ಹ್ಯಾಂಡಿಕ್ರಾಫ್ಟ್ ಎಂದು ಬಿದ್ದರೆ 20. ಇನ್‌ವಾಯ್ಸ್‌ನಲ್ಲಿ ಕಲಾವಿದರ ಹೆಸರು, ಕೃತಿಯ ಹೆಸರು, ವರ್ಷ, ಅಳತೆ, ಮಾಧ್ಯಮ, 'ಸಹಿ ಇರುವ ಮೂಲ ಕೃತಿ' ಎಂಬ ಮಾತು ಇರಲಿ.

ಸಾಮಿಲ್ಲಿನಲ್ಲಿ ಸಿಕ್ಕ ಹಲಗೆಯಿಂದ ಪೆಟ್ಟಿಗೆ ಹೊಡೆಸಿದರೂ ತೊಂದರೆಯೇ. ಹೊರದೇಶಕ್ಕೆ ಹೋಗುವ ಹಲಗೆಯ ಪೆಟ್ಟಿಗೆಯ ಮರವನ್ನು ಅದರ ತಿರುಳು 56 ಡಿಗ್ರಿಯಲ್ಲಿ 30 ನಿಮಿಷ ಇರುವಂತೆ ಕಾಯಿಸಿ, ಗೋಧಿತೆನೆಯ ಮುದ್ರೆ ಒತ್ತಿರಬೇಕು. ಮುದ್ರೆ ಇಲ್ಲದಿದ್ದರೆ ಬಂದರಿನಲ್ಲೇ ತಡೆಯಬಹುದು. ಪೂರ್ತಿ ಪ್ಲೈವುಡ್ಡಿನ ಪೆಟ್ಟಿಗೆಗೆ ಈ ನಿಯಮವಿಲ್ಲ, ಆದರೆ ಮೂಲೆಗೆ ಒಂದು ಮರದ ರೀಪು ಹೊಡೆದರೂ ಅದಕ್ಕೆ ಮುದ್ರೆ ಬೇಕು. ಹಳೇಬೀಡಿನ ಕಡೆ ಬಳಪದ ಕಲ್ಲಿನಲ್ಲಿ ಕೆತ್ತಿದ ಹೊಸ ಮದನಿಕೆಯಾದರೂ ಸರಿ, ಕಸ್ಟಮ್ಸ್‌ನವರ ಕಣ್ಣಿಗೆ ಅದು ಹೊಯ್ಸಳರದಂತೆಯೇ ಕಾಣುತ್ತದೆ. ನೂರು ವರ್ಷ ದಾಟಿದ ಶಿಲ್ಪದ ರಫ್ತು 1972ರ ಪ್ರಾಚ್ಯವಸ್ತು ಕಾಯ್ದೆಯಡಿ ಅಪರಾಧ. ಆದ್ದರಿಂದ ಪೆಟ್ಟಿಗೆ ಮುಚ್ಚುವ ಮೊದಲೇ ಪುರಾತತ್ವ ಸರ್ವೇಕ್ಷಣೆಯಿಂದ 'ಇದು ಪ್ರಾಚ್ಯವಸ್ತುವಲ್ಲ' ಎಂಬ ಪ್ರಮಾಣಪತ್ರ ಪಡೆಯಿರಿ. ಬೀಟೆ ಮರದ ಕೆತ್ತನೆಯಾದರೆ ಕಾಗದಪತ್ರ ಇನ್ನೂ ಹೆಚ್ಚು: 2017ರ ಜನವರಿಯಿಂದ ಬೀಟೆಯ ಜಾತಿಗೆ ಸೇರಿದ ಮರಗಳೆಲ್ಲ ಅಳಿವಿನಂಚಿನ ಜೀವಿಗಳ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿವೆ.

ಇನ್ನು ದಾನದ ಮಾತು.

ಪ್ರತಿ ಸಲವೂ ನಡೆಯುವುದು ಹೀಗೆ. ನಾಲ್ಕು ಜನ ಕಲಾವಿದರು ಸೇರುತ್ತಾರೆ, ಹೂಮಳೆ ಬಿದ್ದ ಮೇಲೆ ಬೆಳ್ಳಗೆ ಅರಳಿದ ಕಾಫಿ ತೋಟದ ಚಿತ್ರಗಳು ಗೋಡೆ ತುಂಬುತ್ತವೆ, 'ಮಾರಾಟದ ಹಣದಲ್ಲಿ ಒಂದು ಭಾಗ ನಮ್ಮೂರ ಶಾಲೆಗೆ' ಎಂಬ ಕಾರ್ಡು ಅಂಟುತ್ತದೆ. ಜನ ಮನಸಾರೆ ಕೊಳ್ಳುತ್ತಾರೆ. ಎರಡು, ಮೂರು ಸಾವಿರ ಪೌಂಡ್ ಕೂಡುತ್ತದೆ. ಆಮೇಲೆ ಶಾಲೆ ನಡೆಸುವ ಟ್ರಸ್ಟಿಗೆ ಫೋನ್ ಮಾಡಿ ಖಾತೆ ನಂಬರ್ ಕೇಳುತ್ತಾರೆ. ಎಡವುವುದು ಇಲ್ಲೇ. ಆ ಟ್ರಸ್ಟಿಗೆ ಎಫ್‌ಸಿಆರ್‌ಎ ನೋಂದಣಿ ಇರುವುದಿಲ್ಲ.

ವಿದೇಶಿ ದೇಣಿಗೆ ನಿಯಂತ್ರಣಕ್ಕೆ 2010ರಲ್ಲಿ ಬಂದ ಕಾಯ್ದೆ ಅದು. ನೋಂದಣಿಯಾಗಲಿ ಪೂರ್ವಾನುಮತಿಯಾಗಲಿ ಇಲ್ಲದೆ ವಿದೇಶಿ ಮೂಲದ ದುಡ್ಡು ಪಡೆದರೆ ಐದು ವರ್ಷದವರೆಗೂ ಜೈಲು ಶಿಕ್ಷೆಗೆ ಅವಕಾಶವಿದೆ. ಮೊದಲು ಸಿಕ್ಕಿಬೀಳುವವರು ನೀವಲ್ಲ, ಊರಿನಲ್ಲಿ ಕೈಯೊಡ್ಡಿದ ಮೇಷ್ಟರು. ಇದನ್ನು ಮನಸ್ಸಿನಲ್ಲಿ ಗಟ್ಟಿಯಾಗಿ ಇಟ್ಟುಕೊಳ್ಳಿ.

'ನಾವೂ ಕನ್ನಡಿಗರೇ, ನಮ್ಮ ದುಡ್ಡು ವಿದೇಶಿ ಹೇಗಾಗುತ್ತದೆ' ಎಂದು ಬಹಳ ಜನ ಕೇಳುತ್ತಾರೆ. ಕಾಯ್ದೆ ನೋಡುವುದು ಪಾಸ್‌ಪೋರ್ಟನ್ನು, ಭಾಷೆಯನ್ನಲ್ಲ. ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಸ್ವಂತ ಉಳಿತಾಯದಿಂದ, ಬ್ಯಾಂಕ್ ಮೂಲಕ ಕೊಟ್ಟರೆ ಅದು ವಿದೇಶಿ ದೇಣಿಗೆಯಲ್ಲ. ಬ್ರಿಟಿಷ್ ಪಾಸ್‌ಪೋರ್ಟ್ ಪಡೆದವರು, ಭಾರತೀಯ ಮೂಲದ ವಿದೇಶಿಗರಿಗೆ ಕೊಡುವ ಒಸಿಐ ಕಾರ್ಡ್ ಇಟ್ಟುಕೊಂಡಿದ್ದರೂ ವಿದೇಶಿ ಮೂಲವೇ. ಇಲ್ಲಿನ ಚಾರಿಟಿ (ದತ್ತಿ ಸಂಸ್ಥೆ), ಇಲ್ಲಿನ ಗ್ಯಾಲರಿ ಕೊಟ್ಟದ್ದೂ ಹಾಗೆಯೇ. ಇನ್ನೊಬ್ಬರಿಂದ ಒಟ್ಟು ಮಾಡಿದ ದುಡ್ಡನ್ನು ಭಾರತೀಯ ಪಾಸ್‌ಪೋರ್ಟಿನ ಗೆಳೆಯರೊಬ್ಬರ ಖಾತೆಗೆ ಹಾಕಿ ಅಲ್ಲಿಂದ ಕಳಿಸುವ ಉಪಾಯ ಮಾಡುತ್ತಾರೆ. ಬೇಡ. ಅದು ಅವರ ಉಳಿತಾಯವಲ್ಲ. ಬೆಂಚು, ಕಂಪ್ಯೂಟರ್ ಕೊಂಡು ಕಳಿಸಿದರೂ ತಪ್ಪಿಸಿಕೊಂಡಂತಲ್ಲ, ವಸ್ತು ರೂಪದ ದೇಣಿಗೆಯೂ ಈ ಕಾಯ್ದೆಗೆ ಒಳಪಟ್ಟದ್ದು.

ದೊಡ್ಡ ಸಂಸ್ಥೆಯೊಂದರ ಮೂಲಕ ದಾಟಿಸುವ ಹಳೆಯ ದಾರಿಯೂ 2020ರ ತಿದ್ದುಪಡಿಯಿಂದ ಮುಚ್ಚಿದೆ. ನೋಂದಣಿ ಇರುವ ಬೆಂಗಳೂರಿನ ಸಂಸ್ಥೆ ತಾನು ಪಡೆದ ವಿದೇಶಿ ದೇಣಿಗೆಯನ್ನು ಹಾಸನದ ಇನ್ನೊಂದು ಟ್ರಸ್ಟಿಗೆ ಕೊಡುವಂತಿಲ್ಲ. ಆದರೆ ಅದೇ ಸಂಸ್ಥೆ ಬೇಲೂರಿನ ಆ ಶಾಲೆಯಲ್ಲಿ ತಾನೇ ಚಿತ್ರಕಲಾ ಕೊಠಡಿಯ ಕೆಲಸ ಮಾಡಿಸಬಹುದು. ದೊಡ್ಡ ಸಂಸ್ಥೆಯ ಮೂಲಕ ಉಳಿದಿರುವ ದಾರಿ ಇದೇ. ಹಾಗಾಗಿ ಕ್ರಮ ತಲೆಕೆಳಗಾಗಬೇಕು: ಮೊದಲು ಪಡೆಯುವವರು, ಆಮೇಲೆ ಪ್ರದರ್ಶನ. ಕೇಂದ್ರ ಗೃಹ ಸಚಿವಾಲಯದ ಎಫ್‌ಸಿಆರ್‌ಎ ನೋಂದಣಿ ಇರುವ ಸಂಸ್ಥೆಯೊಂದನ್ನು ಮೊದಲೇ ಹುಡುಕಿಕೊಳ್ಳಿ. ನೋಂದಣಿಯ ಆಯುಸ್ಸು ಐದು ವರ್ಷ, ಆದ್ದರಿಂದ ಹೆಸರು ಸಿಕ್ಕರೆ ಸಾಲದು, ಈಗಲೂ ಚಾಲ್ತಿಯಲ್ಲಿದೆಯೇ ನೋಡಿ. ನಂತರ ಖಾತೆ ವಿವರ ಕೇಳಿ. ದೆಹಲಿಯ ಸಂಸದ್ ಮಾರ್ಗದಲ್ಲಿರುವ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆ ಕೊಟ್ಟರೆ ಸರಿ, ವಿದೇಶಿ ದೇಣಿಗೆ ಮೊದಲು ಇಳಿಯಬೇಕಾದದ್ದು ಅಲ್ಲೇ. ಹಾಸನದ ಯಾವುದೋ ಶಾಖೆಯ ನಂಬರ್ ಕೊಟ್ಟರೆ ಅಲ್ಲಿಗೇ ನಿಲ್ಲಿಸಿ.

ಊರಿನ ಟ್ರಸ್ಟೇ ನೋಂದಣಿ ಮಾಡಿಸಲಿ ಎನ್ನುವವರಿಗೆ: ಕನಿಷ್ಠ ಮೂರು ವರ್ಷದ ಅಸ್ತಿತ್ವ, ಕಳೆದ ಮೂರು ಹಣಕಾಸು ವರ್ಷಗಳಲ್ಲಿ ಮುಖ್ಯ ಕೆಲಸಗಳಿಗೆ 15 ಲಕ್ಷ ರೂಪಾಯಿ ಖರ್ಚು ತೋರಿಸಬೇಕು. ಸಣ್ಣ ಶಾಲೆಗೆ ಇದು ಎಟುಕದ ಮಾತು. ಇಂಥ ಕಾನೂನು ಸಣ್ಣವರನ್ನೇ ಹೆಚ್ಚು ಹಿಂಡುತ್ತದೆ. ಆದರೂ ಅದು ಇರುವಷ್ಟು ದಿನ ಅದರಂತೆಯೇ ನಡೆಯಬೇಕು.

ದುಡ್ಡನ್ನು ಇಲ್ಲಿನ ಚಾರಿಟಿಯೊಂದರ ಮೂಲಕ ಕಳಿಸುವುದಾದರೆ, ಬ್ರಿಟನ್ನಿನ ಕಡೆಯ ನಿಯಮ ಇದಕ್ಕೆ ಹೋಲಿಸಿದರೆ ಸರಳ. ಇಂಗ್ಲೆಂಡ್, ವೇಲ್ಸ್‌ನಲ್ಲಿ ವ್ಯಾಪಾರ ಮಾಡುವ ಗ್ಯಾಲರಿ ಚಾರಿಟಿಯ ಹೆಸರು ಹೇಳಿ ಮಾರಬೇಕಾದರೆ 1992ರ ಕಾಯ್ದೆಯಂತೆ ಆ ಚಾರಿಟಿಯ ಜೊತೆ ಲಿಖಿತ ಒಪ್ಪಂದ ಇರಬೇಕು. 'ಒಂದು ಭಾಗ' ಎಂಬ ಮಾತು ಸಾಲದು, ಎಷ್ಟು ಎಂದು ಹೇಳಬೇಕು. 'ಪ್ರತಿ ಚಿತ್ರದ ಬೆಲೆಯಲ್ಲಿ 30 ಪರ್ಸೆಂಟ್ ಇಂಥ ಚಾರಿಟಿಗೆ' ಎಂದು ಅವರ ನೋಂದಣಿ ಸಂಖ್ಯೆಯೊಂದಿಗೆ ಬರೆಯಿರಿ. ಆ 30 ಕಮಿಷನ್ ಕಳೆಯುವ ಮೊದಲಿನದೋ ನಂತರದ್ದೋ ಎಂಬುದು ಒಪ್ಪಂದದಲ್ಲೇ ಇರಲಿ, ಗೆಳೆತನಗಳು ಮುರಿಯುವುದು ಈ ಒಂದು ಸಾಲಿಗೆ.

ತೆರಿಗೆ ಕಟ್ಟುವವರ ದಾನಕ್ಕೆ ಸರ್ಕಾರವೂ ಒಂದು ಪಾಲು ಸೇರಿಸುವ ಗಿಫ್ಟ್ ಏಡ್ ಬಗ್ಗೆ ತಪ್ಪು ಆಸೆ ಹುಟ್ಟಿಸಬೇಡಿ. ಚಿತ್ರ ಕೊಂಡವರು ವಸ್ತು ಪಡೆದಿದ್ದಾರೆ, ಆ ಬೆಲೆ ದಾನವಲ್ಲ. ಚಿತ್ರವನ್ನೇ ಚಾರಿಟಿಗೆ ಕೊಟ್ಟರೂ ಗಿಫ್ಟ್ ಏಡ್ ಇಲ್ಲ, ಅದು ನಗದಿಗೆ ಮಾತ್ರ. ಆದರೆ ತೆರಿಗೆ ಕಟ್ಟುವ ಕಲಾವಿದರು ಚಿತ್ರ ಮಾರಿ, ದುಡ್ಡನ್ನು ತಮ್ಮ ಆದಾಯವೆಂದು ತೋರಿಸಿ, ಆಮೇಲೆ 400 ಪೌಂಡ್ ನಗದು ದಾನ ಕೊಟ್ಟರೆ ಚಾರಿಟಿಗೆ ಸರ್ಕಾರದಿಂದ ಇನ್ನೂ 100 ಸೇರುತ್ತದೆ. ಗಿಫ್ಟ್ ಏಡ್ ಘೋಷಣೆ ಕೊಡುವುದನ್ನು ಮರೆಯಬಾರದು, ಅಷ್ಟೇ.

ದುಡ್ಡು ದಾಟಿದ ಮೇಲೆ ಇಲ್ಲಿನ ಚಾರಿಟಿಯ ಟ್ರಸ್ಟಿಗಳು ಅದು ಎಲ್ಲಿಗೆ ಹೋಯಿತೆಂದು ತೋರಿಸಬೇಕಾಗುತ್ತದೆ. ಕೊಠಡಿಯ ಸಿಮೆಂಟಿನ ಬಿಲ್ಲು, ಬಡಗಿಯ ರಸೀದಿ, ಕೆಲಸದ ಮೊದಲು ಮತ್ತು ನಂತರದ ಫೋಟೋ ತಿಂಗಳಿಗೊಮ್ಮೆ ಕಳಿಸಲು ಊರಿನಲ್ಲಿ ಒಬ್ಬರನ್ನು ಗೊತ್ತುಮಾಡಿ. ಕಾಫಿ ಕುಯ್ಲಿನ ತಿಂಗಳುಗಳಲ್ಲಿ ಯಾರೂ ಕೈಗೆ ಸಿಗುವುದಿಲ್ಲ, ಆ ಮಾತು ಡಿಸೆಂಬರ್‌ಗೆ ಮುಂಚೆಯೇ ಆಗಿಬಿಡಲಿ.