ಎನ್‌ಬಿಎ ಟಿಕೆಟ್ ಕೊಳ್ಳುವ ಮೊದಲು ಆಟಗಾರನ ತಪ್ಪಿನ ಖಾತೆ ನೋಡಿ

ಏಪ್ರಿಲ್ ಬಂದು ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಪ್ಲೇಆಫ್ ಶುರುವಾಯಿತೆಂದರೆ ನಮ್ಮ ಕನ್ನಡ ಕೂಟದ ವಾಟ್ಸಾಪ್ ಗುಂಪಿನಲ್ಲಿ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ: "ಇವತ್ತು ಅವನು ಯಾಕೆ ಆಡ್ತಿಲ್ಲ? ಟಿಕೆಟ್ ದುಡ್ಡು ವಾಪಸ್ ಬರುತ್ತಾ?" ದುಡ್ಡು ಬರುವುದಿಲ್ಲ. ಯಾಕೆ ಆಡ್ತಿಲ್ಲ ಅನ್ನುವುದಕ್ಕೆ ಉತ್ತರ ಉದ್ದ. ಅಮೆರಿಕಕ್ಕೆ ಹೊಸದಾಗಿ ಬಂದವರು ವರ್ಷವರ್ಷವೂ ಇದೇ ಹಳ್ಳಕ್ಕೆ ಬೀಳುವುದನ್ನು ನೋಡಿ ಬರೆಯುತ್ತಿದ್ದೇನೆ. ಬ್ಯಾಸ್ಕೆಟ್‌ಬಾಲ್ ಆಡುವುದು ಹೇಗೆ, ತಂಡಗಳು ಎಷ್ಟು ಎಂಬುದೆಲ್ಲ ಇಲ್ಲಿಲ್ಲ. ಅದನ್ನು ನಿಮ್ಮ ಮಕ್ಕಳು ಆಗಲೇ ಹೇಳಿಕೊಟ್ಟಿರುತ್ತಾರೆ.

ಮೊದಲು ಒಂದು ವಿಷಯ. ಅಂಕಣದಲ್ಲಿ ಒಬ್ಬ ಆಟಗಾರ ಇನ್ನೊಬ್ಬನ ಕುತ್ತಿಗೆ ಹಿಡಿದರೆ ಇಲ್ಲಿ ಸಾಮಾನ್ಯವಾಗಿ ಪೊಲೀಸರು ಬರುವುದಿಲ್ಲ. ಶಿಕ್ಷೆ ಕೊಡುವುದು ಲೀಗ್. ಆ ಅಧಿಕಾರ ಬರುವುದು ಲೀಗ್ ಮತ್ತು ಆಟಗಾರರ ಯೂನಿಯನ್ ಮಾಡಿಕೊಂಡ ಕಾರ್ಮಿಕ ಒಪ್ಪಂದದಿಂದ. ಸಂಬಳ ಎಷ್ಟು ಕಡಿತ, ಮೇಲ್ಮನವಿ ಯಾರ ಹತ್ತಿರ ಎಂಬುದೆಲ್ಲ ಆ ಒಪ್ಪಂದದಲ್ಲೇ ಇದೆ. ಅದಕ್ಕೇ ಇಲ್ಲಿನ ಟಿವಿಯಲ್ಲಿ ಹೊಡೆದಾಟದ ಚರ್ಚೆ ಐದೇ ನಿಮಿಷದಲ್ಲಿ ಸಂಬಳದ ಚರ್ಚೆಯಾಗಿಬಿಡುತ್ತದೆ.

ಸಣ್ಣ ತಪ್ಪುಗಳಿಗೆ ಟೆಕ್ನಿಕಲ್ ಫೌಲ್. ರೆಫರಿಯ ಮೇಲೆ ಕಿರುಚುವುದು, ಚೆಂಡು ಎಸೆಯುವುದು, ಎದೆಗೆ ಎದೆ ಕೊಟ್ಟು ನಿಲ್ಲುವುದು ಇತ್ಯಾದಿ. ಮೊದಲ ಐದಕ್ಕೆ ತಲಾ 2,000 ಡಾಲರ್ ದಂಡ, ಮುಂದಿನ ಐದಕ್ಕೆ 3,000, ಆಮೇಲಿನ ಐದಕ್ಕೆ 4,000. ಹದಿನಾರನೆಯದಕ್ಕೆ 5,000 ಡಾಲರ್ ಜೊತೆಗೆ ಒಂದು ಪಂದ್ಯ ಅಮಾನತು. ಪ್ಲೇಆಫ್‌ನಲ್ಲಿ ಲೆಕ್ಕ ಹೊಸದಾಗಿ ಶುರು, ಏಳನೆಯದಕ್ಕೇ ಅಮಾನತು.

ನಿಮ್ಮ ಜೇಬಿಗೆ ಕೈಹಾಕುವುದು ಫ್ಲಾಗ್ರಂಟ್ ಫೌಲ್. ಎದುರಾಳಿಯ ಮೈಮೇಲೆ ಅನಗತ್ಯವಾಗಿ ಬಲ ಬಿದ್ದರೆ ಫ್ಲಾಗ್ರಂಟ್ 1, ಖಾತೆಗೆ ಒಂದು ಪಾಯಿಂಟ್. ಅನಗತ್ಯವಷ್ಟೇ ಆಗದೆ ಅತಿರೇಕವೂ ಆಗಿದ್ದರೆ ಫ್ಲಾಗ್ರಂಟ್ 2, ಎರಡು ಪಾಯಿಂಟ್, ಜೊತೆಗೆ ಪಂದ್ಯದಿಂದ ಹೊರಕ್ಕೆ. ಲೀಗ್ ಹಂತದಲ್ಲಿ ಐದು ಪಾಯಿಂಟ್ ದಾಟಿದರೆ ಮುಂದಿನ ಪಂದ್ಯ ಇಲ್ಲ. ಪ್ಲೇಆಫ್‌ನಲ್ಲಿ ಮೂರು ದಾಟಿದರೆ ಸಾಕು.

ಇಲ್ಲಿ ಎಲ್ಲರೂ ಎಡವುವುದು ಒಂದು ಕಡೆ. ರೆಫರಿ ಕೊಟ್ಟ ತೀರ್ಪೇ ಕೊನೆ ಎಂದುಕೊಳ್ಳುತ್ತಾರೆ. ಪಂದ್ಯ ಮುಗಿದ ಮೇಲೆ ಲೀಗ್ ಕಚೇರಿಯವರು ವಿಡಿಯೋ ಹಾಕಿಕೊಂಡು ಕೂರುತ್ತಾರೆ. ಫ್ಲಾಗ್ರಂಟ್ 1 ಅನ್ನು 2 ಮಾಡಬಹುದು, 2 ಅನ್ನು 1ಕ್ಕೆ ಇಳಿಸಬಹುದು, ರೆಫರಿ ನೋಡದೇ ಬಿಟ್ಟದ್ದಕ್ಕೆ ಹೊಸದಾಗಿ ಪಾಯಿಂಟ್ ಹಾಕಬಹುದು. ಇದೆಲ್ಲ ಮುಂದಿನ ಪಂದ್ಯದೊಳಗೆ, ಅಂದರೆ ಒಂದೆರಡು ದಿನದಲ್ಲಿ ಮುಗಿಯುತ್ತದೆ. ಮರುಮಾರಾಟದ ಟಿಕೆಟ್‌ಗೆ ನಮ್ಮವರು ಮುಗಿಬೀಳುವುದೂ ಸರಿಯಾಗಿ ಅದೇ ಒಂದೆರಡು ದಿನದಲ್ಲಿ.

2016ರ ಫೈನಲ್ಸ್ ನೋಡಿ. ವಾರಿಯರ್ಸ್ ತಂಡ ಕ್ಲೀವ್‌ಲ್ಯಾಂಡ್ ಎದುರು 3-1 ಮುಂದಿತ್ತು. ವಾರಿಯರ್ಸ್‌ನ ಡ್ರೇಮಂಡ್ ಗ್ರೀನ್ ಖಾತೆಯಲ್ಲಿ ಆಗಲೇ ಮೂರು ಪಾಯಿಂಟ್. ಅದರಲ್ಲಿ ಎರಡು ಹಿಂದಿನ ಸುತ್ತಿನ ಎದುರಾಳಿ ಸ್ಟೀವನ್ ಆಡಮ್ಸ್‌ಗೆ ಒದ್ದದ್ದಕ್ಕೆ. ಅದನ್ನೂ ರೆಫರಿ ಫ್ಲಾಗ್ರಂಟ್ 1 ಎಂದಿದ್ದರು, ಮರುದಿನ ಲೀಗ್ 2ಕ್ಕೆ ಏರಿಸಿತ್ತು. ಜೂನ್ 10, ಶುಕ್ರವಾರ ರಾತ್ರಿ ನಾಲ್ಕನೇ ಪಂದ್ಯದಲ್ಲಿ ಗ್ರೀನ್ ಕ್ಲೀವ್‌ಲ್ಯಾಂಡ್‌ನ ಲೆಬ್ರಾನ್ ಜೇಮ್ಸ್ ಜೊತೆ ಕೈಕೈ ಮಿಲಾಯಿಸಿದ. ರೆಫರಿಗಳು ಫ್ಲಾಗ್ರಂಟ್ ಕೊಡಲಿಲ್ಲ. ಶನಿವಾರವೂ ಸುದ್ದಿ ಇಲ್ಲ. ಭಾನುವಾರ ಲೀಗ್ ಫ್ಲಾಗ್ರಂಟ್ 1 ಬರೆದುಕೊಂಡಿತು, ಪಾಯಿಂಟ್ ನಾಲ್ಕಾಯಿತು, ಸೋಮವಾರದ ಪಂದ್ಯಕ್ಕೆ ಗ್ರೀನ್ ಇಲ್ಲ. ಅಮಾನತಾದವನು ಕ್ರೀಡಾಂಗಣದೊಳಗೂ ಇರುವಂತಿಲ್ಲ. ಅವನು ಓಕ್ಲ್ಯಾಂಡ್‌ನಲ್ಲಿ ಪಕ್ಕದ ಬೇಸ್‌ಬಾಲ್ ಮೈದಾನದಲ್ಲಿ ಕೂತು ತನ್ನ ತಂಡ 112-97ರಿಂದ ಸೋಲುವುದನ್ನು ಟಿವಿಯಲ್ಲಿ ನೋಡಿದ. ಸರಣಿಯೂ 4-3ರಿಂದ ಕೈಬಿಟ್ಟುಹೋಯಿತು.

ಅಷ್ಟಾದರೂ ಜನ ಕಲಿತರೇ? 2023ರ ಏಪ್ರಿಲ್‌ನಲ್ಲಿ ಅದೇ ಗ್ರೀನ್, ಮೊದಲ ಸುತ್ತು, ಸ್ಯಾಕ್ರಮೆಂಟೊ ಎದುರು ಎರಡನೇ ಪಂದ್ಯ, ಸೋಮವಾರ ರಾತ್ರಿ. ನೆಲಕ್ಕೆ ಬಿದ್ದ ಎದುರಾಳಿ ಡೊಮಾಂಟಸ್ ಸಬೋನಿಸ್ ಗ್ರೀನ್‌ನ ಕಾಲು ಹಿಡಿದ, ಇವನು ಅವನ ಎದೆಯ ಮೇಲೇ ಕಾಲಿಟ್ಟ. ಫ್ಲಾಗ್ರಂಟ್ 2, ಹೊರಕ್ಕೆ. ಸನ್ನಿವೇಲ್‌ನಲ್ಲಿ ಆಗಷ್ಟೇ ಮನೆ ಮಾಡಿದ್ದ ಪರಿಚಯದ ಕುಟುಂಬವೊಂದಿತ್ತು. ಮಗನಿಗೆ ಗ್ರೀನ್ ಅಂದರೆ ಪ್ರಾಣ, 23ನೇ ನಂಬರ್ ಅಂಗಿ ಹಾಕಿಕೊಂಡೇ ಮಲಗುತ್ತಿದ್ದ ಹುಡುಗ. ಗುರುವಾರ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಮೂರನೇ ಪಂದ್ಯ. ಮಂಗಳವಾರ ಸಂಜೆ ಅವನಪ್ಪ ಫೋನ್ ಮಾಡಿ, "ನಾಲ್ಕು ಟಿಕೆಟ್ ತಗೊಂಡೆ ಸಾರ್, ಸಾವಿರದ ಮೇಲಾಯ್ತು. ಹೋಗ್ಲಿ ಬಿಡಿ, ಮಗೂಗೆ ಖುಷಿ" ಅಂದರು. ಅಮಾನತು ಆಗಬಹುದಲ್ಲ ಎಂದರೆ, "ಹೊರಗೆ ಹಾಕಿದ್ರಲ್ಲ ಸಾರ್, ಶಿಕ್ಷೆ ಆಯ್ತಲ್ಲ" ಎಂದು ನಕ್ಕರು. ಆ ರಾತ್ರಿಯೇ ಲೀಗ್ ಒಂದು ಪಂದ್ಯದ ಅಮಾನತು ಪ್ರಕಟಿಸಿತು.

ಗಮನಿಸಿ, ಈ ಸಲ ಪಾಯಿಂಟ್ ಮಿತಿ ದಾಟಿರಲಿಲ್ಲ. ಕ್ರೀಡಾಸ್ಫೂರ್ತಿಗೆ ವಿರುದ್ಧವಾಗಿ ನಡೆದುಕೊಂಡ ಅವನ ಹಳೆಯ ಚರಿತ್ರೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡಿದ್ದೇವೆ ಎಂದು ಲೀಗ್ ಹೇಳಿತು. ಅಂದರೆ ಅಮಾನತಿಗೆ ಎರಡು ದಾರಿ. ಪಾಯಿಂಟ್ ತುಂಬಿದರೆ ತಾನಾಗಿಯೇ ಬೀಳುವುದು ಒಂದು, ಕಚೇರಿಯವರು ವಿವೇಚನೆಯಿಂದ ಕೊಡುವುದು ಇನ್ನೊಂದು. ಮೊದಲನೆಯದನ್ನು ನೀವೇ ಕೂಡಿಸಿ ನೋಡಬಹುದು. ಎರಡನೆಯದಕ್ಕೆ ಕಾಯುವುದೊಂದೇ ಉಪಾಯ.

ಆ ಮನುಷ್ಯ ಟಿಕೆಟ್ ಮತ್ತೆ ಮಾರಲು ಹೋದರು. ಅದೇ ಯೋಚನೆ ನೂರಾರು ಜನಕ್ಕೆ ಬಂದಿರುತ್ತದಲ್ಲ, ಬೆಲೆ ಇಳಿದಿತ್ತು. ಕೊಳ್ಳುವಾಗ ಒಂದು ಸೇವಾಶುಲ್ಕ, ಮಾರುವಾಗ ಇನ್ನೊಂದು. ದುಡ್ಡು ವಾಪಸ್ ಕೇಳಿದ್ದಕ್ಕೆ ಮಾರಿದ ಕಡೆಯಿಂದ ಬಂದ ಉತ್ತರ ಒಂದೇ ಸಾಲು: ಪಂದ್ಯ ರದ್ದಾದರೆ ಮಾತ್ರ. ಟಿಕೆಟ್ ನಿಯಮಗಳಲ್ಲಿ ಯಾವ ಆಟಗಾರ ಆಡುತ್ತಾನೆ ಎಂಬುದಕ್ಕೆ ಯಾರೂ ಹೊಣೆಯಲ್ಲ. ಗಾಯವಾಗಲಿ, ವಿಶ್ರಾಂತಿಯಾಗಲಿ, ಅಮಾನತಾಗಲಿ, ನೀವು ಕೊಂಡದ್ದು ಕುರ್ಚಿ. ಕೊನೆಗೆ ನಾಲ್ವರೂ ಹೋಗಿ ನೋಡಿ ಬಂದರು. ಗ್ರೀನ್ ಇಲ್ಲದೆಯೂ ವಾರಿಯರ್ಸ್ 114-97ರಿಂದ ಗೆದ್ದಿತು, ಹುಡುಗ ಮಾತ್ರ ದಾರಿಯುದ್ದಕ್ಕೂ ಮುಖ ಊದಿಸಿಕೊಂಡಿದ್ದನಂತೆ.

ಆದ್ದರಿಂದ ಒಬ್ಬನೇ ಆಟಗಾರನನ್ನು ನೋಡಲು ಹೋಗುವವರಿದ್ದರೆ, ಹಿಂದಿನ ಪಂದ್ಯದಲ್ಲಿ ಅವನ ಹೆಸರು ಜಗಳದಲ್ಲಿ ಬಂದಿದೆಯೇ ನೋಡಿ. ಬಂದಿದ್ದರೆ ಲೀಗ್ ಬಾಯಿಬಿಡುವವರೆಗೆ ಕಾರ್ಡ್ ಹೊರಗೆ ತೆಗೆಯಬೇಡಿ. ಕಾಯುವುದರಿಂದ ನಷ್ಟವೇನೂ ಇಲ್ಲ, ಪಂದ್ಯದ ಹೊತ್ತು ಹತ್ತಿರ ಬಂದಂತೆ ಎಷ್ಟೋ ಸಲ ಬೆಲೆ ಇಳಿಯುತ್ತದೆ.

ಹೊಡೆದವನ ಮೇಲಷ್ಟೇ ಕಣ್ಣಿಟ್ಟರೂ ಸಾಲದು. ಗಲಾಟೆಯಾದಾಗ ಬೆಂಚಿನಲ್ಲಿದ್ದವರು ಬೆಂಚ್ ಬಿಟ್ಟು ಬಂದರೆ ಕನಿಷ್ಠ ಒಂದು ಪಂದ್ಯ ಅಮಾನತು, 50,000 ಡಾಲರ್‌ವರೆಗೆ ದಂಡ. ಬಿಡಿಸಲು ಬಂದೆ, ನೋಡಲು ಬಂದೆ ಎಂಬುದು ನಡೆಯುವುದಿಲ್ಲ. 2007ರಲ್ಲಿ ಸ್ಯಾನ್ ಆಂಟೋನಿಯೊದ ರಾಬರ್ಟ್ ಹೋರಿ, ಫೀನಿಕ್ಸ್‌ನ ಸ್ಟೀವ್ ನ್ಯಾಶ್‌ನನ್ನು ಸೊಂಟದಿಂದ ಗುದ್ದಿ ಸ್ಕೋರರ್ ಮೇಜಿನತ್ತ ಎಸೆದ. ಅಮಾರೆ ಸ್ಟೌಡ್‌ಮಯರ್, ಬೋರಿಸ್ ಡಿಯಾವ್ ಬೆಂಚಿನಿಂದ ಎದ್ದು ಕೆಲವು ಹೆಜ್ಜೆ ಮುಂದೆ ಬಂದರು. ಯಾರನ್ನೂ ಮುಟ್ಟಲಿಲ್ಲ. ಹೋರಿಗೆ ಎರಡು ಪಂದ್ಯ, ಇವರಿಗೆ ಒಂದೊಂದು. ಫೀನಿಕ್ಸ್ ಮುಂದಿನ ಪಂದ್ಯವನ್ನು 88-85ರಿಂದ ಸೋತಿತು, ಸರಣಿಯನ್ನೂ ಕಳೆದುಕೊಂಡಿತು. ಪೆಟ್ಟು ತಿಂದ ತಂಡಕ್ಕೇ ಹೆಚ್ಚು ನಷ್ಟ. ನನ್ನ ಮಟ್ಟಿಗೆ ಇದು ಕುರುಡು ನಿಯಮ, ಆದರೆ ಇಡೀ ಬೆಂಚು ಅಂಕಣಕ್ಕೆ ನುಗ್ಗುವುದು ಇವತ್ತು ಅಪರೂಪವಾಗಿರುವುದೂ ಅದರಿಂದಲೇ.

ಹಣದ ವಿಷಯದಲ್ಲಿ ಮಾತ್ರ ಇವರ ಪದ್ಧತಿಗೆ ನನ್ನ ಪೂರ್ತಿ ಮತ. ಇಪ್ಪತ್ತಕ್ಕಿಂತ ಕಡಿಮೆ ಪಂದ್ಯಗಳ ಅಮಾನತಾದರೆ ಪ್ರತಿ ಪಂದ್ಯಕ್ಕೆ ವಾರ್ಷಿಕ ಸಂಬಳದ 145ನೇ ಒಂದು ಭಾಗ, ಇಪ್ಪತ್ತು ಅಥವಾ ಅದಕ್ಕಿಂತ ಹೆಚ್ಚಾದರೆ 110ನೇ ಒಂದು ಭಾಗ ಕಡಿತ. 2023ರ ನವೆಂಬರ್‌ನಲ್ಲಿ ಗ್ರೀನ್ (ಹೌದು, ಮತ್ತೆ ಅವನೇ) ಎದುರು ತಂಡದ ರೂಡಿ ಗೋಬೇರ್‌ನ ಕುತ್ತಿಗೆಗೆ ತೋಳು ಹಾಕಿ ಎಳೆದದ್ದಕ್ಕೆ ಐದು ಪಂದ್ಯ, 7,69,704 ಡಾಲರ್. ಮುಂದಿನ ತಿಂಗಳು ಇನ್ನೊಬ್ಬ ಎದುರಾಳಿ ಯೂಸುಫ್ ನುರ್ಕಿಚ್ ಮುಖಕ್ಕೆ ಬಾರಿಸಿದ್ದಕ್ಕೆ ಅನಿರ್ದಿಷ್ಟ ಅಮಾನತು, ಅದು 12 ಪಂದ್ಯಕ್ಕೆ ಮುಗಿಯಿತು. ಕ್ರಿಕೆಟ್‌ನಲ್ಲಿ 2024ರ ಡಿಸೆಂಬರ್‌ನಲ್ಲಿ ಮೆಲ್ಬರ್ನ್‌ನಲ್ಲಿ ಕೊಹ್ಲಿ, ಸ್ಯಾಮ್ ಕಾನ್‌ಸ್ಟಾಸ್‌ಗೆ ಭುಜ ತಾಗಿಸಿದ್ದಕ್ಕೆ ಪಂದ್ಯದ ಶುಲ್ಕದ 20 ಶೇಕಡಾ, ಒಂದು ಡಿಮೆರಿಟ್ ಪಾಯಿಂಟ್. ಜಾಹೀರಾತಿನಿಂದಲೇ ಬದುಕುವ ತಾರೆಗೆ ಪಂದ್ಯದ ಶುಲ್ಕ ಯಾವ ಲೆಕ್ಕ? ಆದರೆ ಐಸಿಸಿಯ ಡಿಮೆರಿಟ್ 24 ತಿಂಗಳು ಬೆನ್ನಿಗಿರುತ್ತದೆ. ಎನ್‌ಬಿಎಯಲ್ಲಿ ಪ್ಲೇಆಫ್ ಬಂದೊಡನೆ ಖಾತೆ ಸೊನ್ನೆ. ನೆನಪಿಟ್ಟುಕೊಳ್ಳುವುದನ್ನು ಐಸಿಸಿಯಿಂದ ಇವರು ಕಲಿಯಲಿ, ಸಂಬಳಕ್ಕೆ ಕೈಹಾಕುವುದನ್ನು ಇವರಿಂದ ಐಸಿಸಿ ಕಲಿಯಲಿ.

ಅಂಕಣದ ಹೊರಗಿನ ಹಿಂಸೆಯ ವಿಷಯ ಬಂದರೆ ಅಳತೆಗೋಲು ಇನ್ನೂ ಸಡಿಲ. 2022ರಲ್ಲಿ ಅಭ್ಯಾಸದ ವೇಳೆ ಗ್ರೀನ್ ತನ್ನದೇ ತಂಡದ ಜೋರ್ಡಾನ್ ಪೂಲ್ ಮುಖಕ್ಕೆ ಗುದ್ದಿದ. ತಂಡ ದಂಡ ಹಾಕಿತು, ಒಂದು ಪಂದ್ಯವೂ ಅಮಾನತಿಲ್ಲ. ಇನ್ನೊಬ್ಬ ಆಟಗಾರ ಮೈಲ್ಸ್ ಬ್ರಿಜಸ್ ಕೌಟುಂಬಿಕ ದೌರ್ಜನ್ಯ ಪ್ರಕರಣದಲ್ಲಿ ಆರೋಪವನ್ನು ವಿರೋಧಿಸದೆ ಮೂರು ವರ್ಷದ ಪ್ರೊಬೇಷನ್ (ಜೈಲಿನ ಬದಲು ನಿಗಾ) ಪಡೆದ. ಲೀಗ್ 30 ಪಂದ್ಯ ಅಂದಿತು, ಅದರಲ್ಲಿ 20 ಆಗಲೇ ಮುಗಿದಿವೆ ಎಂದೂ ಅಂದಿತು. ಇದನ್ನು ಸಮರ್ಥಿಸುವವರ ಜೊತೆ ನಾನು ವಾದಕ್ಕೆ ಕೂರುವುದಿಲ್ಲ.

ಪ್ರೇಕ್ಷಕರು ಸೇರಿಕೊಂಡರೆ ಕಥೆಯೇ ಬೇರೆ. 2004ರ ನವೆಂಬರ್ 19, ಮಿಶಿಗನ್‌ನ ಆಬರ್ನ್ ಹಿಲ್ಸ್. ಪಂದ್ಯ ಮುಗಿಯಲು 45.9 ಸೆಕೆಂಡ್ ಇದ್ದಾಗ ಇಂಡಿಯಾನಾ, ಡೆಟ್ರಾಯ್ಟ್ ಆಟಗಾರರ ನಡುವೆ ನೂಕಾಟ. ಇಂಡಿಯಾನಾದ ರಾನ್ ಆರ್ಟೆಸ್ಟ್ ಸ್ಕೋರರ್ ಮೇಜಿನ ಮೇಲೆ ಅಂಗಾತ ಮಲಗಿದ್ದ. ಮೇಲಿನಿಂದ ಪಾನೀಯದ ಲೋಟವೊಂದು ಬಂದು ಬಿತ್ತು, ಅವನು ಎದ್ದು ಕುರ್ಚಿಗಳ ಸಾಲಿಗೇ ನುಗ್ಗಿದ. ಲೀಗ್‌ನ ಮುಖ್ಯಸ್ಥ (ಕಮಿಷನರ್) ಡೇವಿಡ್ ಸ್ಟರ್ನ್ ಕೊಟ್ಟ ಶಿಕ್ಷೆ: ಆರ್ಟೆಸ್ಟ್‌ಗೆ ಋತುವಿನ ಉಳಿದ ಪಂದ್ಯಗಳೆಲ್ಲ, ಪ್ಲೇಆಫ್ ಸೇರಿ 86, ಅದೇ ತಂಡದ ಸ್ಟೀಫನ್ ಜಾಕ್ಸನ್‌ಗೆ 30, ಜರ್ಮೇನ್ ಓನೀಲ್‌ಗೆ 25. ಅಂಕಣದ ತಪ್ಪಿಗೆ ಮೇಲ್ಮನವಿ ನನ್ನ ಹತ್ತಿರವೇ ಬರಬೇಕು ಎಂದು ಸ್ಟರ್ನ್ ವಾದ. ಪ್ರೇಕ್ಷಕರ ಜೊತೆಗಿನ ಹೊಡೆದಾಟ ಆ ಲೆಕ್ಕಕ್ಕೆ ಬರುವುದಿಲ್ಲ ಎಂದು ಮಧ್ಯಸ್ಥಗಾರ ಓನೀಲ್‌ನ ಶಿಕ್ಷೆಯನ್ನು 15ಕ್ಕೆ ಇಳಿಸಿದರು, ಫೆಡರಲ್ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಪೊಲೀಸರೂ ಬಂದರು. ಆಟಗಾರರಿಗೆ ನ್ಯಾಯಾಲಯದಲ್ಲಿ ಸಿಕ್ಕಿದ್ದು ಪ್ರೊಬೇಷನ್, ಸಮುದಾಯ ಸೇವೆ, 250 ಡಾಲರ್ ದಂಡ. ಪ್ರೇಕ್ಷಕನೊಬ್ಬ ಮಾತ್ರ 30 ದಿನ ಜೈಲಿಗೆ ಹೋಗಿಬಂದ.

ವೀಸಾದ ಮೇಲೆ ಇರುವವರು ಇಲ್ಲಿ ಕಿವಿಗೊಡಬೇಕು. 2021ರಲ್ಲಿ ಬಾಸ್ಟನ್‌ನಲ್ಲಿ ಕೈರಿ ಅರ್ವಿಂಗ್ ಕಡೆಗೆ ನೀರಿನ ಬಾಟಲಿ ಎಸೆದವನನ್ನು ಅಲ್ಲೇ ಬಂಧಿಸಿದರು. ಆಟಗಾರನಿಗೆ ಲೀಗ್ ಇದೆ, ಯೂನಿಯನ್ ಇದೆ, ಮಧ್ಯಸ್ಥಗಾರ ಇದ್ದಾನೆ. ನಿಮಗಿರುವುದು ಡಿಎಸ್-160 ಎಂಬ ವೀಸಾ ಅರ್ಜಿ, ಅದರಲ್ಲಿ "ಎಂದಾದರೂ ಬಂಧನಕ್ಕೆ ಒಳಗಾಗಿದ್ದೀರಾ" ಎಂಬ ಪ್ರಶ್ನೆ. ಕೇಸು ಬಿದ್ದುಹೋದರೂ ಅದಕ್ಕೆ ಹೌದು ಎಂದೇ ಬರೆಯಬೇಕು, ಪೌರತ್ವದ ಅರ್ಜಿಯಲ್ಲೂ ಅದೇ ಪ್ರಶ್ನೆ ಮತ್ತೆ ಬರುತ್ತದೆ. ಎದುರು ತಂಡದ ಆಟಗಾರನನ್ನು ಎಷ್ಟು ಬೇಕಾದರೂ ಕೂಗಿ ಕಿಚಾಯಿಸಿ, ಆದರೆ ಜನಾಂಗ, ತಾಯಿ, ಹೆಂಡತಿಯ ಮಾತು ಬಾಯಿಗೆ ಬರಬಾರದು, ಕೈಯಿಂದ ಏನೂ ಹಾರಬಾರದು.

ಸೀಸನ್ ಟಿಕೆಟ್ ಹಂಚಿಕೊಂಡು ಕೊಳ್ಳುವ ಗೆಳೆಯರಿಗೆ ಇನ್ನೊಂದು ಮಾತು. ಆ ಒಪ್ಪಂದಗಳಲ್ಲಿ ಸಾಮಾನ್ಯವಾಗಿ ಖಾತೆ ಯಾರ ಹೆಸರಲ್ಲಿದೆಯೋ ಅವರೇ ಹೊಣೆ. 2021ರಲ್ಲಿ ಫಿಲಡೆಲ್ಫಿಯಾದಲ್ಲಿ ರಸೆಲ್ ವೆಸ್ಟ್‌ಬ್ರೂಕ್ ತಲೆಯ ಮೇಲೆ ಪಾಪ್‌ಕಾರ್ನ್ ಸುರಿದವನ ಸೀಸನ್ ಸದಸ್ಯತ್ವವನ್ನೇ ತಂಡ ಕಿತ್ತುಕೊಂಡಿತು. ನಿಮ್ಮ ಟಿಕೆಟ್ ತೆಗೆದುಕೊಂಡು ಹೋಗುವ ಗೆಳೆಯ ಎರಡು ಬಿಯರ್ ಆದಮೇಲೆ ಹೇಗಿರುತ್ತಾನೆ ಎಂಬುದು ನಿಮಗೇ ಗೊತ್ತು. ಫೋನಿನಲ್ಲಿ ಟಿಕೆಟ್ ಕಳಿಸುವಾಗ ಅದನ್ನೂ ಯೋಚಿಸಿಕೊಂಡು ಕಳಿಸಿ.