ಶಾಲೆಯ ಹಿತ್ತಿಲಲ್ಲಿ ಕಾನಿನ ಗಿಡ ಬೆಳೆಸುವುದು ಹೇಗೆ?

ಜೂನ್ 5 ಹತ್ತಿರ ಬಂದರೆ ನಮ್ಮ ಮಲೆನಾಡಿನ ಸಂಘಗಳಿಗೆ ಬೀಜದುಂಡೆಯ ಹುಮ್ಮಸ್ಸು. ಮಕ್ಕಳ ಕೈಲಿ ಮಣ್ಣಿನೊಳಗೆ ಬೀಜವಿಟ್ಟು ಉಂಡೆ ಕಟ್ಟಿಸಿ, ಗುಡ್ಡಕ್ಕೆ ಎಸೆಸಿ, ಫೋಟೊ ತೆಗೆಸಿಕೊಂಡು ವಾಪಸ್. ಕಾನಿನ, ಅಂದರೆ ನಮ್ಮ ನಿತ್ಯಹಸಿರು ಕಾಡಿನ, ಮರಗಳ ಮಟ್ಟಿಗೆ ಇದು ಬಹುಪಾಲು ದಂಡ. ಉಂಡೆ ಒಣಗುವಷ್ಟರಲ್ಲಿ ಒಳಗಿನ ಬೀಜ ಸತ್ತಿರುತ್ತದೆ. ಅದರ ಬದಲು ಶಾಲೆಯ ಹಿತ್ತಿಲಲ್ಲಿ ನೂರಿನ್ನೂರು ಗಿಡದ ನರ್ಸರಿ ಮಾಡಿ. ಯುವಕ ಸಂಘವೋ ಸ್ತ್ರೀಶಕ್ತಿ ಸಂಘವೋ ಗ್ರಾಮ ಅರಣ್ಯ ಸಮಿತಿಯೋ, ಯಾರಾದರೂ ಸರಿ. ನಿಜವಾಗಿ ಕೆಲಸ ಮಾಡುವ ನಾಲ್ಕು ಜನ ಇರಬೇಕು, ಅಷ್ಟೆ.

1. ಒಪ್ಪಿಗೆ: ಮುಖ್ಯ ಶಿಕ್ಷಕರು, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ), ಪೋಷಕರು. ಕಾನು ಇಲಾಖೆಯದಾದರೆ ವಲಯ ಅರಣ್ಯ ಕಚೇರಿಗೆ ಒಂದು ಅರ್ಜಿ.

2. ಮರದ ಪುಸ್ತಕ: ಒಂದು ಮರಕ್ಕೆ ಒಂದು ಪುಟ. ಊರಲ್ಲಿ ಕರೆಯುವ ಹೆಸರು, ಎಲ್ಲಿದೆ, ಹಣ್ಣು ಉದುರುವುದು ಯಾವಾಗ, ತಿನ್ನುವುದು ಮಂಗಟ್ಟೆ ಹಕ್ಕಿಯೋ ಬಾವಲಿಯೋ. ಅಜ್ಜ ಅಜ್ಜಿಯರನ್ನು ಕೇಳಿ ಮಕ್ಕಳೇ ಬರೆಯಲಿ, ಮೇಷ್ಟ್ರು ಹೇಳಿ ಬರೆಸುವುದು ಬೇಡ. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪಂಚಾಯಿತಿಯಲ್ಲೂ ಒಂದು ಸಮಿತಿ ಇರಬೇಕು, ಅದು ಇಂಥದ್ದೇ ದಾಖಲೆ ಇಡಬೇಕು. ಪುಸ್ತಕದ ಪ್ರತಿ ಅಲ್ಲಿಗೂ ಕೊಡಿ.

ಮಕ್ಕಳನ್ನು ಕಾನಿಗೆ ಕರೆದೊಯ್ಯುವುದು ಮಳೆ ಹಿಡಿದ ಮೇಲೆ ಮಾತ್ರ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ ಹರಡುವುದು ಉಣುಗಿನಿಂದ. ಡಿಸೆಂಬರ್‌ನಿಂದ ಮೇವರೆಗೆ ಅದರ ಕಾಟ ಜಾಸ್ತಿ. ಉಣುಗು ಹತ್ತದಂತೆ ಮೈಗೆ ಹಚ್ಚುವ ಡೇಪಾ ಎಣ್ಣೆ ಹಚ್ಚಿದ್ದೇವಲ್ಲ ಎಂಬ ಧೈರ್ಯ ಮಕ್ಕಳ ವಿಷಯದಲ್ಲಿ ಬೇಡ. ಮಳೆಗಾಲದಲ್ಲಿ ಉಂಬಳ (ಜಿಗಣೆ) ಹತ್ತುತ್ತದೆ, ಹತ್ತಲಿ. ಒಂದು ಉಪ್ಪಿನ ಗಂಟು ಜೊತೆಗಿದ್ದರಾಯಿತು.

3. ಬೀಜ: ಎಲ್ಲರೂ ಎಡವುವುದು ಇಲ್ಲೇ. ಭತ್ತ, ಹುರುಳಿ ಒಣಗಿಸಿಟ್ಟು ಅಭ್ಯಾಸವಾದ ಕೈ, ಹಾಗಾಗಿ ಮುರುಗಲು (ಕೋಕಂ) ಬೀಜವನ್ನೂ ಅಂಗಳದ ಬಿಸಿಲಿಗೆ ಹರವುತ್ತಾರೆ. ಮುರುಗಲು, ಧೂಪ, ಹಲಸು, ನೇರಳೆ ಇವೆಲ್ಲ ಹಸಿಯಾಗಿದ್ದರಷ್ಟೇ ಜೀವಂತ. ಒಣಗಿದರೆ ಮುಗಿಯಿತು, ಮತ್ತೆ ನೀರಲ್ಲಿ ನೆನೆಸಿದರೂ ಏಳುವುದಿಲ್ಲ.

ಮರದ ಬುಡದಲ್ಲಿ ಆಗಷ್ಟೇ ಬಿದ್ದ ಹಣ್ಣನ್ನೇ ಆರಿಸಿ. ತೂತು ಬಿದ್ದದ್ದು, ಹಿಸುಕಿದರೆ ಮೆತ್ತಗೆ ಒಳಗೆ ಹೋಗುವ ಬೀಜ ಬೇಡ. ಒಂದೇ ಮರದ ಕೆಳಗೆ ಚೀಲ ತುಂಬಿಕೊಳ್ಳಬೇಡಿ. ನಾಲ್ಕೈದು ಮರದಿಂದ ತನ್ನಿ, ಪ್ರಾಣಿಗಳಿಗೂ ಬಿಡಿ. ಮುರುಗಲು ಹಣ್ಣಾಗುವುದು ಏಪ್ರಿಲ್–ಮೇನಲ್ಲಿ, ಉಣುಗಿನ ಕಾಲ. ಅದನ್ನು ಮನೆ ಹಿತ್ತಿಲ ಮರದಿಂದಲೇ ತೆಗೆದುಕೊಳ್ಳಿ.

ತಂದ ದಿನವೇ ತಿರುಳು ಬಿಡಿಸಿ. ಜಾರುವ ಬೀಜಕ್ಕೆ ಒಲೆಯ ಬೂದಿ ಹಾಕಿ ಉಜ್ಜಿದರೆ ಅಂಟು ಬಿಡುತ್ತದೆ. ತೊಳೆದು, ನೆರಳಲ್ಲಿ ಗೋಣಿ ಮೇಲೆ ಹರಡಿ. ಮೇಲಿನ ನೀರು ಆರಿದರೆ ಸಾಕು, ಮುಟ್ಟಿದರೆ ತಂಪಿರಬೇಕು. ಎರಡು ಮೂರು ದಿನದೊಳಗೆ ಬಿತ್ತಿಬಿಡಿ. ಕಾಯಲೇಬೇಕಾದರೆ ಒದ್ದೆ ಗೋಣಿಯಲ್ಲಿಡಿ, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದರೆ ಕೊಳೆಯುತ್ತದೆ. ಪರಿಸರ ದಿನಕ್ಕೆ ಅತಿಥಿಗಳು ಬಂದು ಬಿತ್ತಲಿ ಎಂದು ಬೀರುವಿನಲ್ಲಿ ಇಟ್ಟುಕೊಂಡರೆ ಅತಿಥಿಗಳು ಬಿತ್ತುವುದು ಹೆಣವನ್ನೇ.

ಮುರುಗಲಿನ ಬಳಗದ್ದೇ ಮರವಾದ ಉಪ್ಪಾಗೆಯ ದಾರಿ ಬೇರೆ. ಅದು ಮೊಳೆಯಲು ಐದಾರು ತಿಂಗಳು ಹಿಡಿಯುತ್ತದೆ. ಏನೂ ಬರಲಿಲ್ಲ ಎಂದು ಜನ ಮಣ್ಣು ಕೊಡವಿ ಎಸೆಯುವುದು ಮೊಳಕೆ ಬರುವ ಹೊತ್ತಿಗೇ. ಗಟ್ಟಿ ಸಿಪ್ಪೆಯನ್ನು ಒಳಗಿನ ಬೀಜಕ್ಕೆ ಗಾಯವಾಗದಂತೆ ಬಿಡಿಸಿದರೆ ಬೇಗ ಮೊಳೆಯುತ್ತದೆ. ಚಾಕು ಹಿಡಿಯುವ ಈ ಕೆಲಸ ದೊಡ್ಡವರಿಗಿರಲಿ.

4. ಪಾಕೆಟ್: ಗಿಡ ಬೆಳೆಸುವ ಪ್ಲಾಸ್ಟಿಕ್ ಚೀಲಕ್ಕೆ ಮೇಲ್ಮಣ್ಣು, ಮರಳು, ಹಳೆ ಕೊಟ್ಟಿಗೆ ಗೊಬ್ಬರ ತುಂಬಿ. ಬೀಜ ಎಷ್ಟು ದಪ್ಪವೋ ಅಷ್ಟೇ ಆಳ. ಅಗ್ಗದ ತೆಳು ಪಾಕೆಟ್ ಗಿಡ ಎತ್ತುವಾಗ ಕೈಯಲ್ಲೇ ಹರಿಯುತ್ತದೆ, ನಾಲ್ಕು ಕಾಸು ಜಾಸ್ತಿಯಾದರೂ ದಪ್ಪದ್ದೇ ತನ್ನಿ. ಧೂಪಕ್ಕೆ ಉದ್ದನೆಯದೇ ಬೇಕು, ಗಿಡ್ಡ ಪಾಕೆಟಿನಲ್ಲಿ ತಾಯಿಬೇರು ಸುರುಳಿ ಸುತ್ತಿಕೊಳ್ಳುತ್ತದೆ. ಅಂಗಡಿಯವರು ಕೊಡುವ ಬೇರು ಬರಿಸುವ ಪುಡಿ ಕಡ್ಡಿ ನೆಡುವವರಿಗೆ, ಬೀಜಕ್ಕೆ ಸುಮ್ನೆ ಖರ್ಚು. ಮೇಲೆ ಅಡಿಕೆ ಸೋಗೆಯ ಚಪ್ಪರ.

5. ಬೇಸಿಗೆ: ಏಪ್ರಿಲ್‌ನಲ್ಲಿ ಶಾಲೆಗೆ ಬೀಗ. ನರ್ಸರಿಗಳು ಸಾಯುವುದು ಆವಾಗಲೇ. ‘ಎಲ್ಲರೂ ನೋಡಿಕೊಳ್ಳೋಣ’ ಎಂದರೆ ಯಾರೂ ನೋಡುವುದಿಲ್ಲ, ಅಲ್ವಾ? ಯಾವ ವಾರ ಯಾವ ಮನೆಯವರು ನೀರು ಹಾಕಬೇಕು ಎಂದು ಮಾರ್ಚ್‌ನಲ್ಲೇ ಬರೆದು ಗೋಡೆಗೆ ಅಂಟಿಸಿ. ಬಾವಿಗೆ ಹತ್ತಿರದ ಮನೆಯವರ ಮೇಲೇ ಎಲ್ಲ ಹೇರಬೇಡಿ.

6. ನೆಡುವುದು: ಮುಂದಿನ ವರ್ಷ ಮಳೆ ಚೆನ್ನಾಗಿ ಹಿಡಿದ ಮೇಲೆ, ಕಾನಿನ ಅಂಚಿನ ಅರೆನೆರಳಲ್ಲಿ. ಬಟಾಬಯಲಿನಲ್ಲಿ ಇವು ಸುಟ್ಟುಹೋಗುತ್ತವೆ. ಬೇಗ ಬೆಳೆಯುತ್ತದೆಂದು ನಡುವೆ ಅಕೇಶಿಯಾ ಸೇರಿಸಲು ಯಾರಾದರೂ ಹೇಳಿದರೆ ಒಪ್ಪಬೇಡಿ. ಪಾಕೆಟ್ ಹರಿದು ತೆಗೆದು ನೆಡಿ, ಖಾಲಿ ಪ್ಲಾಸ್ಟಿಕ್ಕನ್ನು ಎಣಿಸಿ ವಾಪಸ್ ತನ್ನಿ.